ಕ್ರೀಮಿನ ಡಬ್ಬಿಯಲ್ಲಿ ‘ಆಲ್ಕೋಹಾಲ್’ ಕಂಡರೆ ಏನು ಮಾಡಬೇಕು?

ಧನುರ್ಮಾಸದ ಚಳಿಗೆ ಹಾಸನದಲ್ಲಿ ಬೆಳಗ್ಗೆ ಎದ್ದರೆ ಮೊಣಕೈಯೆಲ್ಲ ಬೂದಿ ಬಳಿದ ಹಾಗಿರುತ್ತದೆ. ಮೊನ್ನೆ ಅತ್ತಿಗೆ ಮೆಡಿಕಲ್ ಶಾಪಿನಲ್ಲಿ ಒಂದು ಕ್ರೀಮ್ ಕೈಗೆತ್ತಿಕೊಂಡರು. ತಿರುಗಿಸಿ ನೋಡಿ, ‘ಇದರಲ್ಲಿ ಆಲ್ಕೋಹಾಲ್ ಇದೆ ಕಣೇ, ಚರ್ಮ ಇನ್ನೂ ಒಣಗುತ್ತೆ’ ಎಂದು ವಾಪಸ್ ಇಟ್ಟುಬಿಟ್ಟರು. ಪಾಪ, ಅದರಲ್ಲಿ ಇದ್ದದ್ದು ಸೆಟಿಯರಿಲ್ ಆಲ್ಕೋಹಾಲ್.

ಆಲ್ಕೋಹಾಲ್ ಎಂಬ ಪದ ಕಂಡರೆ ಮೊದಲು ಅದರ ಜೊತೆಗಿರುವ ಪದ ಓದಿ. ಸೆಟೈಲ್, ಸ್ಟಿಯರಿಲ್, ಸೆಟಿಯರಿಲ್, ಬೆಹೆನಿಲ್ ಎಂದಿದ್ದರೆ ಅದು ಫ್ಯಾಟಿ ಆಲ್ಕೋಹಾಲ್, ಅಂದರೆ ಎಣ್ಣೆ-ಕೊಬ್ಬಿನಿಂದ ಬರುವಂಥದ್ದು. ನೋಡಲು ಬಿಳಿ ಮೇಣದ ಚೂರು. ಸ್ಯಾನಿಟೈಸರಿನ ಎಥನಾಲಿನಲ್ಲಿ ಇರುವುದು ಬರೀ 2 ಕಾರ್ಬನ್ ಪರಮಾಣು, ಅಣು ಪುಟ್ಟದು, ಹಾಗಾಗಿ ಕೈಗೆ ಬಿದ್ದ ತಕ್ಷಣ ಹಾರಿಹೋಗುತ್ತದೆ. ಸೆಟೈಲಿನಲ್ಲಿ 16, ಸ್ಟಿಯರಿಲಿನಲ್ಲಿ 18; ಅತ್ತಿಗೆ ಕಂಡ ಸೆಟಿಯರಿಲ್ ಇವೆರಡರ ಮಿಶ್ರಣ. ಸೆಟೈಲ್ ಕರಗುವುದಕ್ಕೇ ಸುಮಾರು 49 ಡಿಗ್ರಿ ಬಿಸಿ ಬೇಕು. ಮನೆತನದ ಹೆಸರು ಒಂದೇ, ಗುಣ ಬೇರೆ.

ಇದನ್ನು ಕ್ರೀಮಿಗೆ ಹಾಕುವುದು ಸುಮ್ನೆ ಅಲ್ಲ. ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡಲು ನೆರವಾಗುತ್ತದೆ, ಕ್ರೀಮ್ ಗಟ್ಟಿಯಾಗುತ್ತದೆ, ಚರ್ಮದ ತೇವ ಬೇಗ ಆರುವುದಿಲ್ಲ. 1817ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ ಸೆಟೈಲನ್ನು ತಿಮಿಂಗಿಲದ ಮೇಣದಿಂದ ತೆಗೆದಿದ್ದರು. ಈಗ ಹೆಚ್ಚಾಗಿ ತಾಳೆ ಎಣ್ಣೆಯಿಂದ ಬರುತ್ತದೆ. ನಮ್ಮ ಅರಸೀಕೆರೆ ಕಡೆಯ ಕೊಬ್ಬರಿ ಎಣ್ಣೆಯಿಂದಲೂ ತೆಗೆಯಬಹುದು ಅಲ್ವಾ? ತೆಗೆಯಬಹುದು, ಆದರೆ ಅದರಿಂದ ಸಿಗುವುದು 16, 18ರದ್ದಲ್ಲ, 12 ಕಾರ್ಬನ್ನಿನದೇ ಜಾಸ್ತಿ.

ಆಮೇಲೆ, ಆಲ್ಕೋಹಾಲಿನ ಹೆಸರು ಡಬ್ಬಿ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಎಲ್ಲಿದೆ ನೋಡಿ. ಪಟ್ಟಿಯಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ‘ಆಲ್ಕೋಹಾಲ್ ಡಿನ್ಯಾಟ್’ (ಕುಡಿಯಲಾಗದಂತೆ ಮಾಡಿದ ಎಥನಾಲ್) ಅಥವಾ ಅದರಂತೆಯೇ ಬೇಗ ಹಾರುವ ಐಸೊಪ್ರೊಪೈಲ್ ಆಲ್ಕೋಹಾಲ್ ಮೊದಲ ಐದಾರು ಹೆಸರುಗಳಲ್ಲೇ ಇದ್ದರೆ, ಒಣ ಚರ್ಮದವರು ಆ ಡಬ್ಬಿ ಅಲ್ಲೇ ಬಿಟ್ಟು ಬನ್ನಿ. ಕೊನೆಯಲ್ಲಿ ಬೆಂಜೈಲ್ ಆಲ್ಕೋಹಾಲ್ ಕಂಡರೆ ಅದು ಕ್ರೀಮ್ ಕೆಡದಿರಲು ಹಾಕಿದ್ದು.

ಇನ್ನೂ ಅನುಮಾನವೇ? ಒಂದು ಕೈಯ ಹಿಂಬದಿಗೆ ಒಂದು ತೊಟ್ಟು ಸ್ಯಾನಿಟೈಸರ್, ಇನ್ನೊಂದಕ್ಕೆ ಅಷ್ಟೇ ಕ್ರೀಮ್ ಹಚ್ಚಿ. ಒಂದು ತಣ್ಣಗೆ ಕಚ್ಚಿ ಮಾಯವಾಗುತ್ತದೆ. ಇನ್ನೊಂದು ನುಣ್ಣಗೆ ಉಳಿಯುತ್ತದೆ.

ಕೆಲವೇ ಕೆಲವರಿಗೆ ಸೆಟಿಯರಿಲ್‌ನಿಂದಲೂ ಅಲರ್ಜಿ ಆಗುವುದುಂಟು. ಹೊಸ ಕ್ರೀಮನ್ನು ಮೊದಲು ಮುಂದೋಳಿನ ಒಳಗಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ. ಕೆಂಪಾದರೆ, ತುರಿಸಿದರೆ ತೊಳೆದು ನಿಲ್ಲಿಸಿ. ಏನೂ ಆಗದಿದ್ದರೆ ಸ್ನಾನ ಮುಗಿಸಿ ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿಕೊಳ್ಳಿ.