ನಾಡಿ ಮತ್ತೆ ತಪ್ಪಿದಾಗ

ಕುಮಟಾದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ನಾನು ಫಿಸಿಶಿಯನ್, ಹೃದಯದ ತಜ್ಞನಲ್ಲ. ಎದೆಬಡಿತ ಏರುಪೇರಾದವರನ್ನು ಮಂಗಳೂರಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸುತ್ತೇನೆ. ಅಲ್ಲಿ ಚಿಕಿತ್ಸೆ ಮುಗಿಸಿ ಬಂದವರನ್ನು ನೋಡಿಕೊಳ್ಳುವುದೂ ನನ್ನದೇ ಕೆಲಸ. ಈ ಎರಡನೇ ಕೆಲಸವನ್ನು ನಾನು ಬಹಳ ವರ್ಷ ಸರಿಯಾಗಿ ಮಾಡಿರಲಿಲ್ಲ. ನಾಡಿ ಹಿಡಿಯುವುದು, ಇಸಿಜಿ ತೆಗೆಯುವುದು, ‘ಚೆನ್ನಾಗಿದೆ’ ಎಂದು ಕಳಿಸುವುದು. ಅಷ್ಟೇ.

ಕಣ್ಣು ತೆರೆಸಿದವರು ಅಂಕೋಲಾ ಕಡೆಯ ಒಬ್ಬ ಬೋಟ್ ಮಾಲೀಕರು. ಅವರಿಗೆ ಇದ್ದದ್ದು ಎಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಸುಮ್ನೆ ನಡುಗುವ ಕಾಯಿಲೆ. ಹೃದಯದೊಳಗೆ ಸುಟ್ಟು ಗೆರೆ ಎಳೆಯುವ ಆಬ್ಲೇಶನ್ ಎಂಬ ಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಮೂರು ವಾರ ಕಳೆದು ಒಂದು ರಾತ್ರಿ ಮತ್ತೆ ಢವಢವ, ನಾಡಿ 140. ನಾನು ಗಾಬರಿಬಿದ್ದು ರಾತ್ರೋರಾತ್ರಿ ಮಂಗಳೂರಿಗೆ ಓಡಿಸಿದೆ. ಬೆಳಿಗ್ಗೆ ಅಲ್ಲಿನ ತಜ್ಞರು ಫೋನಿನಲ್ಲಿ ನಕ್ಕರು. ಒಳಗಿನ ಗಾಯ ಮಾಗುವ ಮೊದಲ ಎರಡು ಮೂರು ತಿಂಗಳಲ್ಲಿ ಹೀಗೆ ಬರುವುದುಂಟು, ಅದನ್ನು ಸೋಲು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ತಲೆಸುತ್ತಿ ಬಿದ್ದರೆ, ಎದೆನೋವು ಅಥವಾ ಉಸಿರುಕಟ್ಟುವಿಕೆ ಇದ್ದರೆ ಮಾತ್ರ ಯಾವ ತಿಂಗಳಾದರೂ ಓಡಲೇಬೇಕು.

ಆದರೆ ಎಂಟನೇ ತಿಂಗಳಲ್ಲಿ ಅದು ನಿಜವಾಗಿಯೇ ವಾಪಸ್ ಬಂತು. ‘ಅಷ್ಟು ದುಡ್ಡು ಸುರಿದು ಸರಿ ಮಾಡಿಸಿಕೊಂಡು ಬಂದೆನಲ್ಲ ಡಾಕ್ಟ್ರೇ, ಮತ್ತೆ ಯಾಕೆ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಬೇರೇನೋ ದೂರು ಹೇಳುವವರ ಹಾಗೆ, ‘ಇವರ ಗೊರಕೆಗೆ ನನಗೆ ನಿದ್ದೆಯಿಲ್ಲ. ಒಂದೊಂದು ಸಲ ಉಸಿರೇ ನಿಂತುಹೋಗ್ತದೆ, ನಾನೇ ಅಲುಗಾಡಿಸಿ ಎಬ್ಬಿಸ್ತೇನೆ’ ಎಂದರು.

ಎರಡು ವರ್ಷ ಅವರ ಬಿ.ಪಿ. ನೋಡಿದ್ದೆ. ನಿದ್ದೆಯ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ.

ಆಬ್ಲೇಶನ್ ಮಾಡುವುದೇನು? ಫ್ರಾನ್ಸಿನ ಬೋರ್ಡೋದಲ್ಲಿ ಐಸಾಗೇರ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದ್ದು ಇದು: ಈ ನಡುಕ ಹಚ್ಚುವ ವಿದ್ಯುತ್ತಿನ ಕಿಡಿ ಹೆಚ್ಚಾಗಿ ಏಳುವುದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ಬರುವ ರಕ್ತನಾಳಗಳಲ್ಲಿ. ಆ ನಾಳಗಳ ಬಾಯಿಯ ಸುತ್ತ ಸುಟ್ಟು ಅಥವಾ ಮಂಜುಗಟ್ಟಿಸಿ ಗೆರೆ ಎಳೆಯುತ್ತಾರೆ. ನಮ್ಮ ಕಾಡಂಚಿನಲ್ಲಿ ಬೇಸಿಗೆಗೆ ಮುಂಚೆ ಬೆಂಕಿರೇಖೆ ಮಾಡುತ್ತಾರಲ್ಲ, ಅದೇ ಉಪಾಯ. ಗೆರೆ ಎಲ್ಲೋ ಒಂದು ಕಡೆ ತೆರೆದುಕೊಂಡರೆ ಕಿಡಿ ದಾಟುತ್ತದೆ. ಗೆರೆ ಗಟ್ಟಿಯಿದ್ದರೂ ಈಚೆ ಬದಿಯಲ್ಲಿ ಒಣ ದರಕು, ಅಂದರೆ ತರಗೆಲೆ, ರಾಶಿ ಬಿದ್ದಿದ್ದರೆ ಬೆಂಕಿ ಬೇರೆ ಕಡೆಯಿಂದ ಹುಟ್ಟುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟಿದಾಗಲೆಲ್ಲ ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಜಿಗಿಯುತ್ತದೆ, ಮೇಲ್ಕೋಣೆ ಹಿಗ್ಗುತ್ತದೆ. ರಾತ್ರಿಯಿಡೀ ಹೀಗೇ. ದರಕು ಅಂದರೆ ಇದು.

ಅಂದಿನಿಂದ ಗೊರಕೆಯ ಪ್ರಶ್ನೆಯನ್ನು ರೋಗಿಗಲ್ಲ, ಪಕ್ಕದಲ್ಲಿ ಮಲಗುವವರಿಗೆ ಕೇಳುತ್ತೇನೆ. ದಪ್ಪ ಕುತ್ತಿಗೆಯವರಿಗೆ ಉಸಿರು ಕಟ್ಟುವುದು ಹೆಚ್ಚು, ಅದಕ್ಕೇ ಕುತ್ತಿಗೆಗೆ ಟೇಪ್ ಹಿಡಿಯುತ್ತೇನೆ. ‘ಅಂಗಿ ಹೊಲಿಸ್ತೀರಾ ಡಾಕ್ಟ್ರೇ’ ಎಂದು ನಗುತ್ತಾರೆ, ನಗಲಿ.

ಕುಡಿತದ ಬಗ್ಗೆ ಕೇಳುವ ರೀತಿಯನ್ನೂ ಬದಲಿಸಿದೆ. ಗೋವಾ ಗಡಿ ಹತ್ತಿರವಿರುವ ಜಿಲ್ಲೆ ನಮ್ಮದು. ‘ಕುಡೀತೀರಾ?’ ಎಂದರೆ ‘ಸ್ವಲ್ಪ’ ಎನ್ನುತ್ತಾರೆ. ‘ವಾರಕ್ಕೆ ಎಷ್ಟು ಕ್ವಾರ್ಟರ್?’ ಎಂದು ನೇರವಾಗಿ ಕೇಳಿದರೆ ಲೆಕ್ಕ ಹೊರಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ನಿಯಮಿತವಾಗಿ ಕುಡಿಯುವ 140 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡಲು ಹೇಳಿದ ಗುಂಪಿನ ಶೇ. 53 ಮಂದಿಗೆ ತೊಂದರೆ ಮರುಕಳಿಸಿತು. ಎಂದಿನಂತೆ ಕುಡಿದವರಲ್ಲಿ ಶೇ. 73. ಪೂರ್ತಿ ಪವಾಡವಲ್ಲ, ಆದರೆ ಮಾತ್ರೆಯ ಖರ್ಚಿಲ್ಲದೆ ಸಿಗುವ ಲಾಭ ಅಲ್ವಾ?

ತೂಕದ್ದು ಇನ್ನೂ ದೊಡ್ಡ ಲೆಕ್ಕ. ಅಡಿಲೇಡ್‌ನ ವೈದ್ಯರು 2015ರಲ್ಲಿ ಬರೆದಂತೆ, ದಪ್ಪವಿದ್ದವರು ತೂಕದ ಹತ್ತನೇ ಒಂದು ಭಾಗ ಇಳಿಸಿದಾಗ ಬಡಿತ ಸರಿಯಾಗಿ ಉಳಿಯುವ ಸಾಧ್ಯತೆ ಸುಮಾರು ಆರು ಪಟ್ಟಾಯಿತು. ಆದರೆ ಇಳಿಸಿ ಮತ್ತೆ ಏರಿಸಿಕೊಂಡವರಿಗೆ ಆ ಲಾಭದಲ್ಲಿ ಒಂದಷ್ಟು ಕೈತಪ್ಪಿತು. ಬಿ.ಪಿ.ಗೆ ಉಪ್ಪು ಕಡಿಮೆ ಮಾಡಿ ಎಂದರೆ ಕರಾವಳಿಯವರು ಒಣಮೀನು ಮರೆಯುತ್ತಾರೆ, ಶಿರಸಿ ಕಡೆಯವರು ಮಿಡಿ ಉಪ್ಪಿನಕಾಯಿ ಮರೆಯುತ್ತಾರೆ. ಹೆಸರು ಹಿಡಿದೇ ಹೇಳಬೇಕು. ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸುತ್ತೇನೆ.

ವಯಸ್ಸು, ಕಾಯಿಲೆ ಎಷ್ಟು ಹಳೆಯದು, ಎಕೋದಲ್ಲಿ (ಹೃದಯದ ಸ್ಕ್ಯಾನ್) ಎಡ ಮೇಲ್ಕೋಣೆ ಎಷ್ಟು ಹಿಗ್ಗಿದೆ, ಕವಾಟ ಕೆಟ್ಟಿದೆಯಾ, ಇವೆಲ್ಲ ನಮ್ಮ ಕೈಯಲ್ಲಿಲ್ಲ. ಮೇಲ್ಕೋಣೆ ಐದು ಸೆಂಟಿಮೀಟರ್ ದಾಟಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ಆಸೆ ಸ್ವಲ್ಪ ಕಡಿಮೆ ಇರಲಿ ಎಂದು. ಇನ್ನೊಂದು ಮಾತನ್ನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ: ನಾಡಿ ಸರಿಯಾಯಿತೆಂದು ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಅದು ಬೇಕೋ ಬೇಡವೋ ಎನ್ನುವುದು ಪಾರ್ಶ್ವವಾಯುವಿನ ಅಪಾಯದ ಮೇಲೆ ನಿಂತಿದೆ, ನಾಡಿಯ ಮೇಲಲ್ಲ.

ಬೋಟ್ ಮಾಲೀಕರಿಗೆ ಎರಡನೇ ಸಲ ಆಬ್ಲೇಶನ್ ಆಯಿತು. ಈ ಸಲ ಅದಕ್ಕೆ ಮುಂಚೆಯೇ ನಿದ್ದೆಯ ಪರೀಕ್ಷೆ ಮಾಡಿಸಿ, ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಸಿದೆವು. ಜೂನ್ ಬಂತು, ಮೀನುಗಾರಿಕೆ ಬಂದ್, ದಿನಾ ರಾತ್ರಿ ಕರೆಂಟೂ ಬಂದ್. ಯಂತ್ರ ನಿಂತಾಗಲೆಲ್ಲ ಗೊರಕೆ ಶುರು. ಕೊನೆಗೆ ಮನೆಗೆ ಇನ್ವರ್ಟರ್ ಬಂತು. ಟಿವಿಗಲ್ಲ, ಸಿಪ್ಯಾಪ್‌ಗೆ ಮಾತ್ರ ಎಂದು ಹೆಂಡತಿಯ ಕಟ್ಟಪ್ಪಣೆಯಂತೆ.