ಗಣಿಕೆ ಅಳೆದ ವರ್ಷ

ನಮ್ಮ ಹೊಲ ಮುಧೋಳದ ಹತ್ತಿರ. ಘಟಪ್ರಭೆಯ ನೀರು, ಕೋ 86032 ತಳಿಯ ಕಬ್ಬು. ಹೋದ ಸಲ ದೀಪಾವಳಿ ಮುಗಿದ ಮೇಲೆ ನೆಟ್ಟ ಕಬ್ಬಿನಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದೆ. ಇಪ್ಪತ್ತು ಕಬ್ಬಿಗೆ ಕೆಂಪು ದಾರ ಕಟ್ಟಿ, ಪ್ರತಿ ಭಾನುವಾರ ಟೇಪ್ ಹಿಡಿದು ಅಳೆದೆ. ಗಣ್ಣಿನಿಂದ ಗಣ್ಣಿಗೆ, ಅಂದರೆ ಒಂದೊಂದು ಗಣಿಕೆ, ಎಷ್ಟು ಉದ್ದ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಕಾಕಾ ನೋಡಿ ನಕ್ಕರು. "ಕಬ್ಬಿಗೆ ಅಂಗಿ ಹೊಲಿಸ್ತೀಯೇನೋ ತಮ್ಮಾ?"

ಇದೆಲ್ಲ ಶುರುವಾದದ್ದು ಜಿಬ್ಬರಲಿಕ್ ಆಸಿಡ್‌ನಿಂದ. ಗಿಡವನ್ನು ಉದ್ದ ಎಳೆಯುವ ಹಾರ್ಮೋನು ಅದು, ನಮ್ಮ ಕಡೆ ಸುಮ್ನೆ ಜಿಎ ಅನ್ನುತ್ತಾರೆ. ಹೊಡೆದರೆ ಕಬ್ಬು ಎತ್ತರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಹೊಡೆಯದ ಸಾಲು ಬಿಟ್ಟು ನೋಡಿದವರು ಕಡಿಮೆ. ನಾನು ನಾಲ್ಕು ಸಾಲು ಬಿಟ್ಟೆ. ದಾರ ಕಟ್ಟಿದ್ದರಲ್ಲಿ ಹತ್ತು ಕಬ್ಬು ಆ ಕಡೆ, ಹತ್ತು ಈ ಕಡೆ.

ಮೊದಲ ಸಲ ಹೊಡೆದದ್ದು ದಂಡ. ಪುಡಿಯನ್ನು ನೇರ ನೀರಿಗೆ ಸುರಿದಿದ್ದೆ. ಪಂಪ್ ತೊಳೆಯುವಾಗ ನೋಡಿದರೆ ತಳದಲ್ಲಿ ಬಿಳಿ ಪುಡಿ ಹಾಗೇ ಕೂತಿದೆ! ಎರಡನೇ ಸಲ, ಮಾರ್ಚ್ ಮೊದಲ ವಾರ, ಒಂದು ಗ್ರಾಂ ಪುಡಿಯನ್ನು ಸ್ಪಿರಿಟ್‌ನಲ್ಲಿ ಕರಗಿಸಿಕೊಂಡು 25 ಲೀಟರ್ ನೀರಿಗೆ ಬೆರೆಸಿದೆ. ಅಂದರೆ 40 ಪಿಪಿಎಂ, ಹತ್ತು ಲಕ್ಷ ಭಾಗ ನೀರಿಗೆ 40 ಭಾಗ ಪುಡಿ. ಆಗ ಕೆಲಸ ಮಾಡಿತು.

ಮಜಾ ಇರುವುದು ಹೇಗೆ ಕೆಲಸ ಮಾಡಿತು ಅನ್ನುವುದರಲ್ಲಿ. ಆಗಲೇ ಬಲಿತಿದ್ದ ಗಣಿಕೆ ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಸುಳಿಯ ಕೆಳಗೆ, ಇನ್ನೂ ಎಳೆಯದಾಗಿದ್ದ ನಾಲ್ಕೈದು ಗಣಿಕೆ ಮಾತ್ರ ಉದ್ದ ಎಳೆದವು. ಸ್ವಲ್ಪ ತೆಳ್ಳಗೂ ಆದವು. ಗಣಿಕೆಗಳ ಲೆಕ್ಕ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅದಾದ ಮೇಲೆ ಬಂದ ಗಣಿಕೆ? ಹೊಡೆಯದ ಸಾಲಿನದರಷ್ಟೇ ಉದ್ದ. ಔಷಧಿ ಖಾಲಿಯಾಯಿತು, ಕಬ್ಬು ತನ್ನ ತಳಿಯ ಅಳತೆಗೆ ಮರಳಿತು.

ಆ ಅಳತೆ ಎಲ್ಲಿದೆ ಅಂತ ಓದುತ್ತಾ ಹೋದೆ. ಗಿಡದೊಳಗೆ ಡೆಲ್ಲಾ ಅನ್ನುವ ಪ್ರೋಟೀನ್ ಇರುತ್ತದೆ, ಅದು ಬೆಳವಣಿಗೆಗೆ ಬ್ರೇಕ್. ಜಿಬ್ಬರಲಿನ್ (ಜಿಎ ಅದರಲ್ಲೇ ಒಂದು) ಬಂದಾಗ ಗಿಡ ಆ ಬ್ರೇಕನ್ನು ತಾನೇ ಕರಗಿಸುತ್ತದೆ. 2018ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಕಬ್ಬಿನಲ್ಲಿ ಇಂಥ ಬ್ರೇಕ್ ಮಾಡುವ ಒಂದು ಜೀನ್, ಎಸ್‌ಸಿಜಿಎಐ, ಮೇಲೆ ಮಾಡಿದ ಕೆಲಸ ಪ್ರಕಟಿಸಿದರು. ಜೀನ್ ಜೋರು ಮಾಡಿದರೆ ಗಣಿಕೆ ಗಿಡ್ಡ, ಬಾಯಿ ಮುಚ್ಚಿಸಿದರೆ ಕಬ್ಬು ಎತ್ತರ. ನಾನು ಪಂಪ್ ಹೊತ್ತು ಸಡಿಲ ಮಾಡಿದ್ದೂ ಅದೇ ಬ್ರೇಕನ್ನು. ನನ್ನದು ನಾಲ್ಕೈದು ಗಣಿಕೆಯ ಆಟ, ಅವರದು ಗಿಡದ ಹುಟ್ಟಿನಲ್ಲೇ. ಹಸಿರು ಕ್ರಾಂತಿಯ ಗಿಡ್ಡ ಗೋಧಿಯ ಗುಟ್ಟೂ ಇದೇ ಡೆಲ್ಲಾ ಅಂತೆ. ಅಲ್ಲಿ ಬ್ರೇಕ್ ಗಟ್ಟಿಯಾಗಿ ಕೂತಿದೆ, ತೆನೆ ಭಾರಕ್ಕೆ ಗಿಡ ಬೀಳುವುದಿಲ್ಲ.

ಹಾಗಾದರೆ ಬ್ರೇಕ್ ಇಲ್ಲದ ತಳಿಯನ್ನೇ ತೆಗೆಯಬಹುದಲ್ವಾ? ಅಷ್ಟು ಸುಲಭ ಅಲ್ಲ. ಈಗಿನ ಕಬ್ಬು ದಪ್ಪ ಸಿಹಿ ಕಬ್ಬು ಮತ್ತು ಕಾಡು ಕಬ್ಬಿನ ಬೆರಕೆ. ನಮ್ಮ ದೇಶದಲ್ಲಿ ಅದು ಶುರುವಾದದ್ದು ಕೊಯಮತ್ತೂರಿನಲ್ಲಿ, ನೂರು ವರ್ಷಕ್ಕೂ ಹಿಂದೆ, ಕೋ 205 ತಳಿಯಿಂದ. ನೂರಕ್ಕೂ ಜಾಸ್ತಿ ಕ್ರೋಮೋಸೋಮ್, ಒಂದೊಂದು ಜೀನಿಗೂ ಹತ್ತರ ಆಸುಪಾಸು ಪ್ರತಿ. ಒಂದನ್ನು ಸುಮ್ಮನಿರಿಸಿದರೆ ಉಳಿದವು ಕೆಲಸ ಮಾಡುತ್ತಿರುತ್ತವೆ.

ಮೇ ತಿಂಗಳಲ್ಲಿ ಕಾಲುವೆ ನೀರು ತಪ್ಪಿತು. ಜೂನ್‌ನಲ್ಲಿ ಗಾಳಿಮಳೆ. ಜಿಎ ಹೊಡೆದ ಸಾಲುಗಳು ಮೊದಲು ಬಿದ್ದವು, ಸರಿಯಾಗಿ ಆ ತೆಳ್ಳಗಿನ ಗಣಿಕೆಗಳ ಹತ್ತಿರ ಬಾಗಿ. ಕಟಾವಿಗೆ ಬಂದ ಗ್ಯಾಂಗಿನವರು ಬೈದುಕೊಂಡೇ ಕಡಿದರು. ದಾರ ಕಟ್ಟಿದ ಒಂದು ಕಬ್ಬನ್ನು ರವದಿ (ಒಣ ಗರಿ) ಸುಲಿದು ಕಾಕಾ ಮುಂದೆ ಇಟ್ಟೆ. ಕೆಳಗೆ ಮಾರ್ಚ್‌ನ ಉದ್ದನೆಯ ಗಣಿಕೆ, ಅದರ ಮೇಲೆ ಮೇ ತಿಂಗಳ ಮೂರು ಗಣಿಕೆ, ಬೆರಳಿಗಿಂತ ಗಿಡ್ಡ. ಕಾಕಾ ಆ ಗಿಡ್ಡ ಗಣಿಕೆಗಳನ್ನೇ ಸವರುತ್ತಾ ಹೇಳಿದರು. "ನೀರು ಬಿಟ್ಟಿದ್ರ ಇವೂ ಬೆಳೀತಿದ್ದುವು. ಪುಡಿ ಯಾಕ ಬೇಕಿತ್ತು?"

ಹೊಡೆಯದ ಸಾಲಿನ ಕಬ್ಬಿನಲ್ಲೂ ಆ ಮೂರು ಗಣಿಕೆ ಅಷ್ಟೇ ಗಿಡ್ಡ ಇದ್ದವು. ಈ ಸಲ ಜಿಎ ತಂದಿಲ್ಲ. ಎರಡು ಎಕರೆಗೆ ಡ್ರಿಪ್ ಎಳೆದಿದ್ದೇನೆ, ಕೆಂಪು ದಾರವನ್ನೂ ಕಟ್ಟಿದ್ದೇನೆ.