ಶೇಂಗಾ ಸೀಮೆಯಲ್ಲಿ ಶೇಂಗಾ ಇಲ್ಲದ ಊಟ

ಮಾಂಸ, ಮೊಟ್ಟೆ ಮುಟ್ಟದವನಿಗೆ ಕಲಬುರಗಿಯಲ್ಲಿ ಊಟದ ಚಿಂತೆಯಿಲ್ಲ. ಶೇಂಗಾ ಮುಟ್ಟಬಾರದವನಿಗೆ ಮಾತ್ರ ಚಿಂತೆ ತಪ್ಪಿದ್ದಲ್ಲ. ನಾನು ಎರಡೂ ಗುಂಪಿಗೆ ಸೇರಿದವನು. ಶೇಂಗಾ ಅಲರ್ಜಿ ಇರುವವರಿಗೆ ತೊಗರಿ, ಕಡಲೆಯೂ ಆಗಲಾರದು ಎಂದೇನಿಲ್ಲ. ನನಗೆ ಅವು ಒಗ್ಗುತ್ತವೆ ಎಂದು ವೈದ್ಯರು ಪರೀಕ್ಷಿಸಿಯೇ ಹೇಳಿದರು. ಎಳ್ಳಿನ ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಎಳ್ಳಮಾವಾಸ್ಯೆಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಿಡುವ ಮನಸ್ಸಿರಲಿಲ್ಲ, ಅಷ್ಟೇ.

ಕಣ್ಣಿಗೆ ಕಾಣುವ ಬೀಜಕ್ಕೆ ನಾನು ಹೆದರುವುದಿಲ್ಲ. ಆ ತಟ್ಟೆಯನ್ನೇ ದೂರ ಇಡುತ್ತೇನೆ. ಹೆದರಿಕೆ ಪುಡಿಯದು. ಖಾನಾವಳಿಯಲ್ಲಿ "ಪಲ್ಲೆಗೆ ಶೇಂಗಾ ಹಾಕಿದ್ದೀರಾ?" ಎಂದರೆ "ಇಲ್ಲ ಅಣ್ಣಾ" ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ. ಕುಟ್ಟಿ ಬೆರೆಸಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ "ಪಲ್ಲೆ ಗಟ್ಟಿಯಾಗಲು ಏನು ಹಾಕಿದ್ದೀರಿ?" ಎಂದು ಕೇಳುತ್ತೇನೆ. ಆಗ ನಿಜ ಹೊರಬೀಳುತ್ತದೆ. ಎಣ್ಣೆಯನ್ನೂ ವಿಚಾರಿಸುತ್ತೇನೆ, ಏಕೆಂದರೆ ಗಾಣದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಉಳಿದಿರುತ್ತದೆ. ಹಿಂಡಿಯ (ಚಟ್ನಿಪುಡಿಯ) ಡಬ್ಬಿಗಳನ್ನು ಸಾಲಾಗಿ ಇಟ್ಟು ಎಲ್ಲಕ್ಕೂ ಒಂದೇ ಚಮಚ ಹಾಕುವಲ್ಲಿ ಅಗಸಿ ಹಿಂಡಿಯೂ ನನಗೆ ಬೇಡ.

ಮನೆಯಲ್ಲಿ ಎಣ್ಣೆಗಾಯಿಗೆ ಗುರೆಳ್ಳು (ಹುಚ್ಚೆಳ್ಳು), ಪುಟಾಣಿ (ಹುರಿಗಡಲೆ), ಒಣಕೊಬ್ಬರಿ ಬಳಸುತ್ತೇನೆ. ಗುರೆಳ್ಳು ಚಟಪಟ ಎನ್ನತೊಡಗಿದ ಕೂಡಲೇ ಇಳಿಸಬೇಕು, ಹೊತ್ತಿದರೆ ಕಹಿ. ಪುಟಾಣಿ ಹಿಟ್ಟು ನೀರು ಕುಡಿದು ತಳ ಹಿಡಿಯುತ್ತದೆ. ಅದನ್ನು ಗುರೆಳ್ಳಿನ ಅರ್ಧದಷ್ಟೇ ಹಾಕಿ, ಬಿಸಿನೀರು ಪಕ್ಕದಲ್ಲಿಟ್ಟುಕೊಂಡು, ಸಣ್ಣ ಉರಿಯಲ್ಲಿ ಬದನೆಕಾಯಿ ಬೇಯಿಸುತ್ತೇನೆ. ಒಗ್ಗರಣೆಗೆ ಕುಸುಬೆ ಎಣ್ಣೆ. ಶೇಂಗಾದ ಸಿಹಿ ಇದಕ್ಕೆ ಬರುವುದಿಲ್ಲ, ನಿಜ. ಆದರೆ ಗುರೆಳ್ಳಿನ ಘಮವೇ ನನಗೆ ಮೇಲು. ಹೊಲದ ಊಟದ ಭಜ್ಜಿಗೂ (ಕಾಳು, ತರಕಾರಿ ಬೆರೆಸಿದ ಪಲ್ಲೆ) ಉಪಾಯವಿದೆ: ಶೇಂಗಾ ಬೀಳುವ ಮುಂಚೆಯೇ ವೈನಿ (ಅತ್ತಿಗೆ) ನನ್ನ ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಅದಕ್ಕೆ ಬೇರೆ ಸೌಟು ಇಡುತ್ತಾರೆ. ಉಪವಾಸದ ಸಬ್ಬಕ್ಕಿ ಉಸುಳಿಯನ್ನು ಕೈಬಿಟ್ಟಿದ್ದೇನೆ. ಹಾಲು, ಬಾಳೆಹಣ್ಣು ಸಾಕು.

ಪೊಟ್ಟಣದ ತಿಂಡಿಗಳಲ್ಲಿ ಅಲರ್ಜಿ ಮಾಹಿತಿಯ ಸಾಲನ್ನು ಓದದೆ ಕೊಳ್ಳುವುದಿಲ್ಲ. ಅಲ್ಲಿ ಶೇಂಗಾ ಇದ್ದರೆ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ. ಬಜಾರಿನ ಬಿಡಿ ಚೂಡಾಕ್ಕೆ ಲೇಬಲ್ಲಿಲ್ಲ, ನನಗೆ ಅದರ ಗೊಡವೆಯೂ ಇಲ್ಲ.

ವೈದ್ಯರು ಬರೆದುಕೊಟ್ಟ ಅಡ್ರಿನಾಲಿನ್ ಚುಚ್ಚುಮದ್ದು ಸದಾ ಜೊತೆಗಿರುತ್ತದೆ. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ ಮೊದಲು ಅದನ್ನು ತೊಡೆಗೆ ಚುಚ್ಚಬೇಕು, ಆಮೇಲೆ ತಡಮಾಡದೆ ಆಸ್ಪತ್ರೆ. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಇಂಥ ಹೊತ್ತಿಗೆ ಅದನ್ನು ನಂಬಿ ಕೂರಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಔಷಧಿಯನ್ನು ಬೈಕಿನ ಡಿಕ್ಕಿಯಲ್ಲಿ ಇಡುವುದಿಲ್ಲ. ಬಿಸಿಲಿಗೆ ಅದು ಕೆಡುತ್ತದೆ. ಚುಚ್ಚುವುದು ಹೇಗೆಂದು ಹೆಂಡತಿಗೂ, ಪಕ್ಕದ ಮೇಜಿನ ಸಹೋದ್ಯೋಗಿಗೂ ತೋರಿಸಿಕೊಟ್ಟಿದ್ದೇನೆ.